ತಂಗಿ ಮದುವೆಗೆ ಫೋಟೋಗ್ರಾಫರ್ ಹುಡುಕಿದ್ದು

ಅಕ್ಕನ ಮದುವೆ ಆಲ್ಬಮ್‌ನಲ್ಲಿ ತಾಳಿ ಕಟ್ಟುವ ಫೋಟೋ ಅಂತ ಒಂದಿದೆ. ಅದರಲ್ಲಿ ಕಾಣುವುದು ವಿಡಿಯೋದವರ ಬೆನ್ನು, ಮೇಲಕ್ಕೆತ್ತಿದ ಲೈಟು, ಸಂದಿಯಲ್ಲಿ ಭಾವನ ಪೇಟದ ತುದಿ. ಅಕ್ಕ ಎಲ್ಲೂ ಇಲ್ಲ. ಬುಕ್ ಮಾಡುವಾಗ ಮಾತಾಡಿದವರು ಒಬ್ಬರು, ಮದುವೆ ದಿನ ಬಂದ ಹುಡುಗ ಇನ್ನೊಬ್ಬ. ಅವರಿಗೆ ಅದೇ ದಿನ ಬೇರೆ ಮದುವೆ ಇತ್ತಂತೆ. ಇವತ್ತಿಗೂ ಆಲ್ಬಮ್ ತೆಗೆದರೆ ಅಮ್ಮ ಆ ಪುಟವನ್ನು ಬೇಗ ಮಗುಚುತ್ತಾರೆ.

ಹಾಗಾಗಿ ತಂಗಿ ಮದುವೆ ಗೊತ್ತಾದಾಗ ಫೋಟೋದ ಜವಾಬ್ದಾರಿಯನ್ನು ನಾನೇ ಕೇಳಿ ತಗೊಂಡೆ. ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಮದುವೆ. ಡಿಸೆಂಬರ್‌ನಲ್ಲಿ ಛತ್ರ ಬುಕ್ ಆದ ವಾರದಲ್ಲೇ ಹುಡುಕಲು ಶುರು ಮಾಡಿದೆ. ಒಳ್ಳೆ ಮುಹೂರ್ತ ಇದ್ದ ದಿನ ಊರಿನ ಎಲ್ಲ ಛತ್ರಗಳಲ್ಲೂ ಮದುವೆ ಇರುತ್ತದೆ, ತಡ ಮಾಡಿದರೆ ಉಳಿದವರನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಮೊದಲು ಎಲ್ಲರ ಹಾಗೆ ಇನ್‌ಸ್ಟಾಗ್ರಾಮ್ ನೋಡಿದೆ. ಎಲ್ಲರ ಫೋಟೋಗಳೂ ಚೆನ್ನಾಗಿದ್ದವು. ಸಂಜೆ ಬಿಸಿಲು, ಕೆರೆ ಏರಿ, ಗಾಳಿಗೆ ಹಾರುವ ಸೆರಗು. ಆದರೆ ನಮ್ಮ ಮುಹೂರ್ತ ಇದ್ದದ್ದು ಬೆಳಗ್ಗೆ ಆರೂ ಮುಕ್ಕಾಲಿಗೆ, ಛತ್ರದ ಒಳಗೆ. ಮೇಲೆ ಟ್ಯೂಬ್‌ಲೈಟು, ಹಿಂದೆ ಡೆಕೊರೇಷನ್‌ನವರ ನೇರಳೆ ಎಲ್‌ಇಡಿ, ಪಕ್ಕದಲ್ಲಿ ಹೋಮದ ಹೊಗೆ. ಅಂಥಲ್ಲಿ ಮುಖದ ಬಣ್ಣ ಕೆಡದ ಹಾಗೆ ತೆಗೆಯುವವರು ನಮಗೆ ಬೇಕಿತ್ತು.

ಐದು ಜನರಿಗೆ ಫೋನ್ ಮಾಡಿ ಒಂದೇ ಮಾತು ಕೇಳಿದೆ. "ಛತ್ರದಲ್ಲಿ ನಡೆದ ಯಾವುದಾದರೂ ಒಂದು ಮದುವೆಯ ಪೂರ್ತಿ ಫೋಟೋ ತೋರಿಸ್ತೀರಾ? ಆ ಮನೆಯವರು ಒಪ್ಪಿದರೆ ಸಾಕು, ಆರಿಸಿದ್ದು ಬೇಡ." ಇಬ್ಬರು ಆಗಲ್ಲ ಅಂದರು. ಒಬ್ಬರು ಮೂರು ನಿಮಿಷದ ವಿಡಿಯೋ ಕಳಿಸಿದರು. ಉಳಿದ ಇಬ್ಬರ ಸ್ಟುಡಿಯೋಗೆ ಹೋಗಿ ಕಂಪ್ಯೂಟರ್ ಮುಂದೆ ಕೂತೆ. ಒಂದೂವರೆ ಗಂಟೆ ಒಂದೊಂದೇ ಫೋಟೋ ನೋಡಿದ್ದು ದಂಡವಾಗಲಿಲ್ಲ.

ನಾನು ಜಾಸ್ತಿ ಹೊತ್ತು ನಿಂತು ನೋಡಿದ್ದು ಎರಡೇ ಕಡೆ. ಒಂದು, ಅಂತರಪಟ ಸರಿದು ಜೀರಿಗೆ ಬೆಲ್ಲ ಇಡುವುದರಿಂದ ತಾಳಿ ಕಟ್ಟಿ ಮುಗಿಯುವವರೆಗೆ. ಗಟ್ಟಿಮೇಳ ಶುರುವಾದ ಮೇಲೆ ಎಲ್ಲರೂ ಎದ್ದು ಅಕ್ಷತೆ ಹಾಕುತ್ತಾರೆ, ಮೊಬೈಲ್ ಹಿಡಿದವರು ವೇದಿಕೆಗೆ ನುಗ್ಗುತ್ತಾರೆ. ಆ ಗಲಾಟೆಯಲ್ಲೂ ಹೆಣ್ಣಿನ ಮುಖ ಕಂಡಿದೆಯಾ ಅಂತ ನೋಡಿದೆ. ಎರಡನೆಯದು, ಹೆಣ್ಣೊಪ್ಪಿಸುವ ಹೊತ್ತು. ಅಷ್ಟೊತ್ತಿಗೆ ಫೋಟೋದವರೂ ಸುಸ್ತಾಗಿರುತ್ತಾರೆ. ಒಬ್ಬರ ಫೋಲ್ಡರ್‌ನಲ್ಲಿ ಆ ಹೊತ್ತಿನದು ನಾಲ್ಕೇ ಫೋಟೋ ಇದ್ದವು, ನಾಲ್ಕರಲ್ಲೂ ಹೆಣ್ಣಿನ ಅಪ್ಪ ಇರಲಿಲ್ಲ. ಇನ್ನೊಬ್ಬರದರಲ್ಲಿ ಆ ಅಪ್ಪ ಕಂಬದ ಹಿಂದೆ ನಿಂತು ಶಲ್ಯದಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮನಸ್ಸು ಅಲ್ಲೇ ಅರ್ಧ ಗಟ್ಟಿಯಾಯಿತು.

ಪೂರ್ತಿ ಗಟ್ಟಿಯಾಗಿದ್ದು ಅವರು ಕೇಳಿದ ಪ್ರಶ್ನೆಗಳಿಂದ. "ಸಾರ್, ನಿಮ್ಮ ಕಡೆ ತಾಳಿ ಕಟ್ಟುವಾಗ ಹುಡುಗ ನಿಂತಿರ್ತಾರಾ, ಕೂತಿರ್ತಾರಾ? ಕಳಸ ಹಿಡಿಯೋದು ಯಾರು, ಯಾವ ಪಕ್ಕ ನಿಲ್ತಾರೆ? ಮಂಟಪದಲ್ಲಿ ಕಂಬ ಹಾಕಿಸ್ತೀರಾ?" ಬೇರೆ ಯಾರೂ ಇಷ್ಟು ಕೇಳಿರಲಿಲ್ಲ. ಎಲ್ಲರೂ ಪ್ಯಾಕೇಜ್ ಬಗ್ಗೆಯೇ ಹೇಳಿದ್ದರು. ನಾನು ಅಕ್ಕನ ಫೋಟೋ ವಿಷಯ ಹೇಳಿದೆ. ಅವರು ಒಂದು ಹಾಳೆ ತಗೊಂಡು ಮಂಟಪ ಬರೆದು, ವಿಡಿಯೋದವರು ಎಲ್ಲಿ, ತಾವೆಲ್ಲಿ, ಎರಡನೇ ಕ್ಯಾಮೆರಾ ಎಲ್ಲಿ ಅಂತ ಗುರುತು ಹಾಕಿದರು. "ಜಾಗ ಮೊದಲೇ ಮಾತಾಡಿಕೊಂಡರೆ ಬೆನ್ನು ಬರಲ್ಲ ಸಾರ್" ಅಂದರು.

ದುಡ್ಡಿನ ವಿಷಯ. ಬೆಂಗಳೂರಿನ ತಂಡ 1 ಲಕ್ಷ 80 ಸಾವಿರ ಕೇಳಿತ್ತು, ಓಡಾಟ, ರೂಮು ಬೇರೆ. ಇವರು 95 ಸಾವಿರ ಅಂದರು. ಅದರಲ್ಲಿ ಡ್ರೋನ್, ಪ್ರೀ ವೆಡ್ಡಿಂಗ್ ಶೂಟ್ ಎರಡೂ ಸೇರಿದ್ದವು. ಎರಡನ್ನೂ ಬಿಡಿಸಿದೆ. ಛತ್ರದೊಳಗಿನ ಮದುವೆಗೆ ಡ್ರೋನ್ ಯಾಕೆ ಅಲ್ವಾ? ಅದರ ಬದಲು ಇನ್ನೊಬ್ಬ ಫೋಟೋಗ್ರಾಫರ್ ಕೇಳಿದೆ, ಮನೆಯಲ್ಲಿ ಚಪ್ಪರದ ದಿನಕ್ಕೂ ಬರಬೇಕು ಅಂದೆ. ಅಷ್ಟೇ ದುಡ್ಡಿಗೆ ಒಪ್ಪಿದರು.

ಮಾತಾಡಿದ್ದನ್ನೆಲ್ಲ ಬರೆಸಿಕೊಂಡೆ. ಯಾರು ಬರುತ್ತಾರೆ ಅಂತ ಹೆಸರು ಸಮೇತ. ಎಷ್ಟು ಗಂಟೆಗೆ ಬರುತ್ತಾರೆ, ಯಾವಾಗ ಹೋಗುತ್ತಾರೆ. ಸಾಫ್ಟ್ ಕಾಪಿ ಎಷ್ಟು ದಿನಕ್ಕೆ. 12-36 ಇಂಚಿನ ಆಲ್ಬಮ್, 40 ಶೀಟು, ಜಾಸ್ತಿಯಾದರೆ ಶೀಟಿಗೆ ಎಷ್ಟು. ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್ ಹಾಕಿ ಎರಡಕ್ಕೂ ಒಟ್ಟಿಗೆ ಸೇವ್ ಮಾಡುತ್ತಾರಾ ಅಂತಲೂ ಕೇಳಿದೆ, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ. ದುಡ್ಡು ಮೂರು ಕಂತು: ಅಡ್ವಾನ್ಸ್, ಮದುವೆ ದಿನ, ಕೊನೆಯದು ಆಲ್ಬಮ್ ಕೈಗೆ ಬಂದ ಮೇಲೆ. ಆ ಕೊನೆ ಕಂತನ್ನು ಮೊದಲೇ ಕೊಡಬೇಡಿ. ಕೊಟ್ಟು ವರ್ಷಗಟ್ಟಲೆ ಆಲ್ಬಮ್‌ಗೆ ಕಾದವರನ್ನು ನೋಡಿದ್ದೇನೆ.

ನಮ್ಮ ಕಡೆಯಿಂದಲೂ ಎರಡು ಕೆಲಸ ಆಯಿತು. ಫೋಟೋದವರಿಗೆ ಅಜ್ಜಿ ಯಾರು, ಸೋದರಮಾವ ಯಾರು ಅಂತ ಗೊತ್ತಿರಲ್ಲ. ಚಿಕ್ಕಪ್ಪನ ಮಗಳ ಕೈಗೆ ಪಟ್ಟಿ ಕೊಟ್ಟು ಅವರ ಜೊತೆಯೇ ಬಿಟ್ಟೆ. ಅಜ್ಜಿ ಮೆಟ್ಟಿಲು ಹತ್ತಲಾರರು, ಅವರು ಕೂತ ಕುರ್ಚಿ ಹತ್ತಿರವೇ ತಂಗಿಯನ್ನು ಕರೆತಂದು ಫೋಟೋ ತೆಗೆಸಿದಳು. ಇನ್ನೊಂದು ಊಟ. ಫೋಟೋದವರು ಊಟಕ್ಕೆ ಕೂರುವಷ್ಟರಲ್ಲಿ ಎಷ್ಟೋ ಮದುವೆಗಳಲ್ಲಿ ಒಬ್ಬಟ್ಟೂ ಮುಗಿದಿರುತ್ತದೆ, ಕೇಳುವವರೂ ಇರಲ್ಲ. ಎರಡನೇ ಪಂಕ್ತಿಯಲ್ಲಿ ಅವರಿಗೆ ಐದು ಎಲೆ ಇಡಿಸಿ ನಾನೇ ಕೂರಿಸಿದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬಂದವರು ಅವರು.

ಇಪ್ಪತ್ತೆರಡನೇ ದಿನಕ್ಕೆ ಹಾರ್ಡ್ ಡಿಸ್ಕ್ ಬಂತು. ತಾಳಿಯ ಫೋಟೋ ಮೊದಲು ಹುಡುಕಿದೆ. ತಂಗಿ ತಲೆ ಬಗ್ಗಿಸಿದ್ದಾಳೆ, ಹಣೆಯ ಬಾಸಿಂಗದ ಮೇಲೆ ಒಂದು ಅಕ್ಷತೆ ಕಾಳು ಕೂತಿದೆ. ಪಕ್ಕದಲ್ಲಿ ಕಳಸ ಹಿಡಿದು ನಿಂತ ಅಕ್ಕನ ಮುಖವೂ ಪೂರ್ತಿ ಇದೆ. ಅಕ್ಕ ಅದನ್ನು ದೊಡ್ಡದು ಮಾಡಿ ನೋಡಿ, ನನಗೊಂದು ಪ್ರಿಂಟ್ ಹಾಕಿಸು ಅಂದಳು.

ಆಲ್ಬಮ್‌ಗೆ ಫೋಟೋ ಆರಿಸಿ ಕೊಡುವುದರಲ್ಲಿ ತಡ ಮಾಡಿದ್ದು ಮಾತ್ರ ನಾವೇ. ಎಲ್ಲರೂ ಸೇರಿ ಆರಿಸೋಣ ಅಂತ ಎರಡು ತಿಂಗಳು ಹೋಯಿತು. ಕೊನೆಗೆ ಒಂದು ಭಾನುವಾರ ಅಮ್ಮ, ತಂಗಿ ಇಬ್ಬರೇ ಕೂತು ಸಂಜೆಯೊಳಗೆ ಮುಗಿಸಿದರು. ಕಂಬದ ಹಿಂದೆ ನಿಂತ ನಮ್ಮ ಅಪ್ಪನ ಫೋಟೋಗೆ ಒಂದು ಪೂರ್ತಿ ಶೀಟು ಕೊಟ್ಟಿದ್ದಾರೆ.