ಕಂಬ ನೋಡಿ ದ್ವೀಪದ ಚರಿತ್ರೆ ಬರೆದದ್ದು

ಪಿಕ್ನಿಕ್ ಆಲ್ಬಮ್ ಹಿಡಿದು ದ್ವೀಪದ ಚರಿತ್ರೆ ಬರೆಯಲಿಕ್ಕಾಗುತ್ತಾ ಅಂತ ನಕ್ಕವರೇ ಈಗ ನನ್ನ ಫೈಲು ಕೇಳುತ್ತಿದ್ದಾರೆ. ಕೊಡುತ್ತೇನೆ, ಪೂರ್ತಿ ಅಲ್ಲ.

ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಜನ ಇಳಿಯುವ ತೆಂಗಿನ ದ್ವೀಪ ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬ ಕತೆ, ಭಾರತದಿಂದ ಮಡಗಾಸ್ಕರ್ ಬೇರೆಯಾಗುವಾಗ ಸುಮಾರು 8.8 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ, ಎರಡೂ ನಿಮಗೆ ಬಾಯಿಪಾಠ. ನನಗೆ ಬೇಕಿದ್ದದ್ದು ಈಚಿನ ನಲವತ್ತೈವತ್ತು ವರ್ಷ: ಚಿಪ್ಪಿನ ದಂಡೆ ಎಲ್ಲಿತ್ತು, ತೆಂಗು ಎಷ್ಟಿತ್ತು, ದೋಣಿ ಎಲ್ಲಿ ತಾಗಿಸುತ್ತಿದ್ದರು.

ಮೊದಲು ಬಾಡಿಗೆ ಡ್ರೋನ್. ಗಾಳಿ, ಮೇಲೆ ಪರವಾನಗಿಯ ರಗಳೆ. ಹತ್ತು-ಹನ್ನೆರಡು ಸಾವಿರ ನೀರಿಗೆ ಹೋಯಿತು. ದಂಡೆಯ ಗುರುತಿಗೆ ಕಬ್ಬಿಣದ ಗೂಟ ಹುಗಿದೆ, ಮಳೆಗಾಲ ಕಳೆದಾಗ ಒಂದೂ ಇಲ್ಲ. "ಗೂಟ ಎಂತಕ್ಕೆ ಮಾರಾಯ್ರೆ, ಕಲ್ಲೇ ಉಂಟಲ್ಲ" ಅಂದರು ದೋಣಿಯವರು. ಅಲ್ಲಿಂದ ದಾರಿ ಸಿಕ್ಕಿತು. ಆ ಲಾವಾ ತಣಿದು ಆದ ಐದು, ಆರು, ಏಳು ಮುಖದ ಕಲ್ಲಿನ ಕಂಬಗಳು; ಮುರಿದ ತಲೆ ಒಂದರದ್ದು ಇನ್ನೊಂದಕ್ಕಿಲ್ಲ. ಹಳೆ ಫೋಟೋದಲ್ಲಿ ನಾಲ್ಕು ಕಂಬ ಗುರುತು ಸಿಕ್ಕರೆ ಫೋಟೋಗ್ರಾಫರ್ ನಿಂತ ಜಾಗ ಸಿಕ್ಕಿದಂತೆ.

ಪಿಕ್ನಿಕ್ಕಿಗೆ ಹೋದವರು ಕಂಬ ಹತ್ತಿ ಫೋಟೋ ಹಿಡಿಸದೆ ಬರುವುದಿಲ್ಲ, ಅದೇ ನನ್ನ ಬಂಡವಾಳ. ಕಲ್ಯಾಣಪುರದ ಒಂದು ಮನೆಯ ಆಲ್ಬಮಿನಲ್ಲಿ ನೈಲಾನ್ ಸೀರೆಯ ಹೆಂಗಸೊಬ್ಬರು ಆರು ಮುಖದ ಮೋಟುಕಂಬದ ಮೇಲೆ ನಿಂತಿದ್ದಾರೆ. ಚಿಪ್ಪು ಅವರ ಚಪ್ಪಲಿಯವರೆಗೂ ತುಂಬಿದೆ. ಅದೇ ಮೋಟು ಈಗ ನನ್ನ ಸೊಂಟಕ್ಕೆ ಬರುತ್ತದೆ. ಕಡಲು ದಂಡೆ ತಿಂದಿತು ಅಂತ ಕೂಡಲೇ ಬರೆಯುವ ಹಾಗಿಲ್ಲ. ದೀಪಾವಳಿ ಹೊತ್ತಿನ ದಂಡೆ ಬೇರೆ, ಮೇ ತಿಂಗಳದ್ದು ಬೇರೆ. ತಿಂಗಳಿಗೆ ತಿಂಗಳು ಹೊಂದಿಸಿಯೇ ಅಳೆಯಬೇಕು. ಫೋಟೋದ ತಿಂಗಳು ಹಿಡಿಯುವ ಉಪಾಯ ನನ್ನಲ್ಲೇ ಇರಲಿ. ನೆರಳಿನ ಜೊತೆ ಮುಡಿದ ಹೂವನ್ನೂ ನೋಡಿ ಅಂತ ಮಾತ್ರ ಹೇಳುತ್ತೇನೆ.

ವಾರಗಟ್ಟಲೆ ತಲೆ ತಿಂದದ್ದು ನೆಗೆಟಿವ್ ಮಗುಚಿ ಹಾಕಿದ ಪ್ರಿಂಟುಗಳು. ಎಡ ಬಲ ಅದಲುಬದಲಾದರೆ ಕಂಬ ಜನ್ಮದಲ್ಲಿ ಹೊಂದುವುದಿಲ್ಲ. ಹೊಂದದ ಫೋಟೋವನ್ನು ಮೊದಲು ಮಗುಚಿ ನೋಡಿ.

ನಡುವೆ ಒಂದು ಹುಚ್ಚು: ಕಾರ್ನ್‌ಫ್ಲೋರ್ ನೀರಲ್ಲಿ ಕಲಸಿ ಬಲ್ಬಿನ ಕೆಳಗೆ ನಾಲ್ಕೈದು ದಿನ ಒಣಗಿಸಿದೆ. ಒಡೆದು ನೋಡಿದರೆ ಒಳಗೆ ಪೆನ್ಸಿಲಿಗಿಂತ ಸಪೂರದ ಕಂಬಗಳು! ಲಾವಾ ತಣಿದು ಕುಗ್ಗಿ ಬಿರಿದದ್ದು, ಹಿಟ್ಟು ಒಣಗಿ ಕುಗ್ಗಿದ್ದು. ಬಿರಿಯುವ ರೀತಿ ಒಂದೇ. ಡಬ್ಬ ಖಾಲಿ ಮಾಡಿದ್ದಕ್ಕೆ ಮನೆಯಲ್ಲಿ ಸಿಕ್ಕ ಮಂಗಳಾರತಿ ಬೇರೆ ಲೆಕ್ಕ.

ಸೆಕೆಂಡ್‌ಹ್ಯಾಂಡ್ ಸ್ಕ್ಯಾನರಿಗೆ ಮೂರು ಸಾವಿರ ಚಿಲ್ಲರೆ, ಮಿಕ್ಕಿದ್ದೆಲ್ಲ ದೋಣಿ ಬಾಡಿಗೆ. ಡ್ರೋನಿನವನಿಗೆ ಕೊಟ್ಟದ್ದರಲ್ಲಿ ಎರಡು ವರ್ಷದ ಕೆಲಸ ಮುಗಿಯುತ್ತಿತ್ತು.

ಈಗ ಮಲ್ಪೆ ಬಂದರಿನ ಹತ್ತಿರದ ದರಿಯಾ ಬಹಾದೂರ್‌ಗಡಕ್ಕೆ ಕೈ ಹಾಕಿದ್ದೇನೆ, ಬಿದನೂರಿನ ಬಸಪ್ಪ ನಾಯಕನ ಕೋಟೆಯಿದ್ದ ದ್ವೀಪ. ಅಲ್ಲಿಗೆ ಪಿಕ್ನಿಕ್ ಹೋದವರು ಕಡಿಮೆ, ಆಲ್ಬಮ್ಮೂ ಕಡಿಮೆ. 1980ರ ಹಿಂದಿನ ಫೋಟೋ ಯಾರಲ್ಲಾದರೂ ಇದ್ದರೆ ತನ್ನಿ, ನಿಮ್ಮೆದುರೇ ಸ್ಕ್ಯಾನ್ ಮಾಡಿ ವಾಪಸು ಕೊಡುತ್ತೇನೆ.