ಸುಗಂಧದೆಲೆಗಳನ್ನು ಒಣಗಿಸಿ ಹದಮಾಡುವ ಬಗೆ

ಕೈತೋಟದಲ್ಲಿ ಹುಲುಸಾಗಿ ಬೆಳೆದ ಪುದೀನ, ತುಳಸಿ, ರೋಸ್‌ಮರಿ ಅಥವಾ ನಿಂಬೆಹುಲ್ಲನ್ನು ಕೊಯ್ದು ಒಣಗಿಸಿಟ್ಟುಕೊಳ್ಳುವವರಲ್ಲಿ ಹಲವರಿಗೆ ಎರಡರಲ್ಲೊಂದು ಬಗೆಯ ನಿರಾಸೆ ಎದುರಾಗುತ್ತದೆ. ಡಬ್ಬಿಗೆ ತುಂಬುವಾಗ ಗರಿಗರಿಯಾಗಿದ್ದ ಎಲೆ ಕೆಲವೇ ವಾರಗಳಲ್ಲಿ ಮೆತ್ತಗಾಗಿ, ಮುಚ್ಚಳ ತೆರೆದೊಡನೆ ಮುಗ್ಗಲು ವಾಸನೆ ಬರುತ್ತದೆ; ಇಲ್ಲವೇ ಎಲೆ ಗರಿಗರಿಯಾಗಿಯೇ ಉಳಿದಿದ್ದರೂ ಒಣಹುಲ್ಲಿನಷ್ಟು ಸಪ್ಪೆಯಾಗಿರುತ್ತದೆ. ಮೊದಲನೆಯದು ಪೂರ್ತಿ ಒಣಗುವ ಮುನ್ನವೇ ಮುಚ್ಚಿಟ್ಟಿದ್ದರ ಫಲ, ಎರಡನೆಯದು ಅವಸರಪಟ್ಟು ಬಿಸಿಲಿಗೋ ಹೆಚ್ಚಿನ ಶಾಖಕ್ಕೋ ಒಡ್ಡಿದ್ದರ ಫಲ. ನೇತುಹಾಕಿದ ಕಟ್ಟು ಮುಟ್ಟಿದರೆ ಪುಡಿಯಾಗುತ್ತದೆ ಎಂಬಲ್ಲಿಗೆ ಒಣಗಿಸುವ ಕೆಲಸ ಮುಗಿಯುವುದಿಲ್ಲ. ಮುಚ್ಚಿದ ಗಾಜಿನ ಬಾಟಲಿಯೊಳಗೆ ಒಂದೆರಡು ವಾರ ಹದಗೊಂಡ ಮೇಲಷ್ಟೇ ಅದು ಮುಗಿಯುತ್ತದೆ. ಹೆಚ್ಚಿನವರು ಕೈಬಿಡುವ ಹಂತವೂ ಅದೇ.

ಕೊಯ್ಲಿನ ಹೊತ್ತು

ಎಲೆಗೆ ಪರಿಮಳ ಕೊಡುವುದು ಬೇಗನೆ ಆವಿಯಾಗಿ ಹೋಗುವ ಸುಗಂಧ ತೈಲ. ತುಳಸಿಯಲ್ಲಿ ಯೂಜಿನಾಲ್, ನಿಂಬೆಹುಲ್ಲಿನಲ್ಲಿ ಸಿಟ್ರಾಲ್, ಥೈಮ್‌ನಲ್ಲಿ ಥೈಮಾಲ್ ಇಂತಹ ತೈಲದ ಮುಖ್ಯ ಅಂಶಗಳು. ಪುದೀನ, ತುಳಸಿ, ರೋಸ್‌ಮರಿ, ಥೈಮ್ ಇವೆಲ್ಲ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಇವುಗಳಲ್ಲಿ ತೈಲವು ಎಲೆಯ ಮೇಲ್ಮೈಯಲ್ಲಿರುವ ಅತಿ ಸಣ್ಣ ಗ್ರಂಥಿಗಳಲ್ಲಿ ತುಂಬಿಕೊಂಡಿರುತ್ತದೆ. ಭೂತಗನ್ನಡಿ ಹಿಡಿದು ಎಲೆಯ ಕೆಳಬದಿಯನ್ನು ನೋಡಿದರೆ ಹೊಳೆಯುವ ಚುಕ್ಕಿಗಳಾಗಿ ಅವು ಕಾಣುತ್ತವೆ. ಎಲೆಯನ್ನು ಬೆರಳಿನಿಂದ ಉಜ್ಜಿದಾಗ ಒಡೆದು ಘಮ್ಮೆನ್ನುವುದು ಈ ಗ್ರಂಥಿಗಳೇ. ಆದ್ದರಿಂದ ಕೊಯ್ಯುವಾಗ, ಒಯ್ಯುವಾಗ, ಕಟ್ಟುವಾಗ ಹಿಸುಕಿದಷ್ಟೂ ಪರಿಮಳ ಅಲ್ಲೇ ಗಾಳಿಪಾಲಾಗುತ್ತದೆ.

ಈ ಗಿಡಗಳಲ್ಲಿ ಬಹುಪಾಲಿನವನ್ನು ಮೊಗ್ಗು ಕಾಣಿಸಿಕೊಂಡು ಹೂ ಅರಳುವ ಮುನ್ನ ಕೊಯ್ಯುವುದು ಉತ್ತಮ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲಿನ ಹೊತ್ತು ಇದಕ್ಕೆ ತಕ್ಕದ್ದು. ಎಲೆಗಳ ಮೇಲೆ ಧೂಳಿದ್ದರೆ ಹಿಂದಿನ ದಿನವೇ ಗಿಡಕ್ಕೆ ನೀರು ಚಿಮುಕಿಸಿ ತೊಳೆದುಬಿಟ್ಟರೆ, ಕೊಯ್ದ ಮೇಲೆ ತೊಳೆದು ಒದ್ದೆ ಎಲೆಗಳನ್ನು ಒರೆಸುವ ಕೆಲಸ ತಪ್ಪುತ್ತದೆ. ಕಲೆ ಬಿದ್ದ, ಹುಳ ತಿಂದ, ಹಳದಿಯಾದ ಎಲೆಗಳನ್ನು ಈ ಹಂತದಲ್ಲೇ ಕಿತ್ತು ಹಾಕಬೇಕು. ಒಣಗಿದ ಮೇಲೆ ಅವುಗಳನ್ನು ಗುರುತಿಸುವುದು ಕಷ್ಟ.

ಕೊಯ್ದದ್ದನ್ನು ಒಮ್ಮೆ ತೂಗಿ ಬರೆದಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಎಳೆಯ ಎಲೆಯಲ್ಲಿ ಸುಮಾರು ಶೇ 85ರಷ್ಟು ನೀರೇ ಇರುತ್ತದೆ ಎಂದುಕೊಳ್ಳಿ. ಹಾಗಿದ್ದರೆ 1,000 ಗ್ರಾಂ ಹಸಿ ಎಲೆಯಲ್ಲಿ ಒಣ ಪದಾರ್ಥ 150 ಗ್ರಾಂ ಮಾತ್ರ; ಶೇ 10ರಷ್ಟು ತೇವಾಂಶ ಉಳಿಸಿಕೊಂಡು ಅದು ಒಣಗಿದಾಗ ತೂಕ ಸುಮಾರು 167 ಗ್ರಾಂಗೆ ಇಳಿದಿರಬೇಕು. ತಕ್ಕಡಿ 220 ಗ್ರಾಂ ತೋರಿಸುತ್ತಿದ್ದರೆ, ಎಲೆ ಕೈಗೆ ಎಷ್ಟೇ ಒಣಗಿದಂತೆ ತೋರಿದರೂ ನೀರು ಇನ್ನೂ ಎಲ್ಲೋ ಅಡಗಿದೆ ಎಂದೇ ತಿಳಿಯಬೇಕು. ಸಾಮಾನ್ಯವಾಗಿ ಅದು ಅಡಗಿರುವುದು ಕಾಂಡದಲ್ಲಿ.

ನೆರಳು, ಗಾಳಿ, ತಾಳ್ಮೆ

ಐದರಿಂದ ಎಂಟು ಟಿಸಿಲುಗಳನ್ನು ಸೇರಿಸಿ ಸಣ್ಣ ಸಣ್ಣ ಕಟ್ಟು ಮಾಡಿ, ಬುಡ ಮೇಲಾಗಿ ತೂಗುಹಾಕಬೇಕು. ಕಟ್ಟು ದಪ್ಪವಾದರೆ ಗಾಳಿ ನುಸುಳದೆ ನಡುವಿನ ಎಲೆಗಳು ಕಪ್ಪಾಗುತ್ತವೆ. ಕಟ್ಟಲು ದಾರಕ್ಕಿಂತ ರಬ್ಬರ್ ಬ್ಯಾಂಡ್ ವಾಸಿ, ಏಕೆಂದರೆ ಕಾಂಡ ಒಣಗಿ ಕುಗ್ಗುತ್ತ ಹೋದಂತೆ ದಾರ ಸಡಿಲವಾಗಿ ಟಿಸಿಲುಗಳು ಒಂದೊಂದಾಗಿ ಜಾರಿ ಬೀಳುತ್ತವೆ, ರಬ್ಬರ್ ಮಾತ್ರ ಕುಗ್ಗಿದ ಕಾಂಡವನ್ನೂ ಬಿಗಿಯಾಗಿಯೇ ಹಿಡಿದುಕೊಂಡಿರುತ್ತದೆ. ಬಿಡಿ ಎಲೆಗಳಾದರೆ ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ, ದಿನಕ್ಕೊಮ್ಮೆ ಮೆಲ್ಲನೆ ಹೊರಳಿಸಿದರೆ ಸಾಕು.

ಒಣಗಿಸುವ ಜಾಗ ಕತ್ತಲಾಗಿರಬೇಕು, ಇಲ್ಲವೇ ಮಂದ ಬೆಳಕಿನದಾಗಿರಬೇಕು. ನೇರ ಬಿಸಿಲು ಎಲೆಯ ಹಸಿರನ್ನು ಬಿಳಿಚಿಸುತ್ತದೆ, ಅದರ ಜತೆಗೆ ತೈಲವನ್ನೂ ಹಾರಿಸುತ್ತದೆ. 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 60ಕ್ಕಿಂತ ಕಡಿಮೆ ಸಾಪೇಕ್ಷ ಆರ್ದ್ರತೆ (ಗಾಳಿ ಆ ಉಷ್ಣತೆಯಲ್ಲಿ ಹಿಡಿದಿಡಬಲ್ಲ ನೀರಾವಿಯಲ್ಲಿ ಈಗ ಇರುವ ಪಾಲು) ಇರುವ ಕೋಣೆಯಲ್ಲಿ ತೆಳ್ಳನೆಯ ಎಲೆಗಳು ಒಂದೆರಡು ವಾರದೊಳಗೆ ಒಣಗುತ್ತವೆ. ಫ್ಯಾನ್ ಇಡುವುದಾದರೆ ಗಾಳಿ ಕೋಣೆಯಲ್ಲಿ ಸುತ್ತಾಡುವಂತಿರಲಿ, ಕಟ್ಟುಗಳ ಮೇಲೆ ನೇರವಾಗಿ ಬಡಿಯುವುದು ಬೇಡ. ಬಡಿದರೆ ಎಲೆಯ ಅಂಚು ಬೇಗನೆ ಮುರುಟಿಕೊಂಡು ನಡುನರ ಹಸಿಯಾಗಿಯೇ ಉಳಿಯುತ್ತದೆ.

ಹಾಗೆಂದು ತೀರಾ ನಿಧಾನವೂ ಒಳ್ಳೆಯದಲ್ಲ. ಎಲೆ ಬಹಳ ಹೊತ್ತು ಅರೆಹಸಿಯಾಗಿ ಉಳಿದರೆ ಅದರಲ್ಲಿರುವ ಕಿಣ್ವಗಳು ಕೆಲಸ ಮುಂದುವರಿಸಿ ಅದನ್ನು ಕಂದಾಗಿಸುತ್ತವೆ. ಹಸಿರು ಬಣ್ಣದ ಕ್ಲೋರೊಫಿಲ್ ತನ್ನಲ್ಲಿನ ಮೆಗ್ನೀಸಿಯಂ ಕಳೆದುಕೊಂಡು ಮಾಸಲು ಬಣ್ಣಕ್ಕೆ ತಿರುಗುತ್ತದೆ. ಜಜ್ಜಿಹೋದ ತುಳಸಿ ಮತ್ತು ಪುದೀನದ ಎಲೆಗಳು ಮೊದಲು ಕಪ್ಪಾಗುವುದು ಇದೇ ಕಾರಣಕ್ಕೆ.

ಮಳೆಗಾಲದ ಪ್ರಶ್ನೆ ಬೇರೆ. ಸುತ್ತಲಿನ ಗಾಳಿಯ ಆರ್ದ್ರತೆ ಶೇ 75 ಇದ್ದರೆ, ಆ ಗಾಳಿಯೊಂದಿಗೆ ಸಮತೋಲಕ್ಕೆ ಬಂದ ಎಲೆ ಅದಕ್ಕಿಂತ ಹೆಚ್ಚು ಒಣಗಲಾರದು. ಇನ್ನೊಂದು ತಿಂಗಳು ತೂಗುಹಾಕಿದರೂ ವ್ಯತ್ಯಾಸವಾಗುವುದಿಲ್ಲ, ಬೂಷ್ಟಿಗೆ ಅವಕಾಶ ಸಿಗುತ್ತದೆ ಅಷ್ಟೆ. ಇಂತಹ ದಿನಗಳಲ್ಲಿ ಉಷ್ಣತೆಯನ್ನು ನಿಯಂತ್ರಿಸಬಲ್ಲ ವಿದ್ಯುತ್ ಡ್ರೈಯರ್ ಬಳಸುವುದೇ ಸರಿ. ಅದನ್ನು 35ರಿಂದ 40 ಡಿಗ್ರಿಯಲ್ಲಿ ನಿಲ್ಲಿಸಬೇಕು. ಅದನ್ನು ಮೀರಿ ಏರಿಸಿದಷ್ಟೂ ತೈಲ ನಷ್ಟವಾಗುತ್ತದೆ. ಯಂತ್ರದಿಂದ ಘಮಘಮ ವಾಸನೆ ಮನೆಯೆಲ್ಲ ಹರಡುತ್ತಿದ್ದರೆ ಹಿಗ್ಗಬೇಕಾಗಿಲ್ಲ, ಬಾಟಲಿಯಲ್ಲಿ ಉಳಿಯಬೇಕಾಗಿದ್ದದ್ದು ಹೊರಗೆ ಹೋಗುತ್ತಿದೆ ಎಂದರ್ಥ. ಅನೇಕ ಓವನ್‌ಗಳ ಅತಿ ಕಡಿಮೆ ಉಷ್ಣತೆಯೂ ಈ ಮಿತಿಗಿಂತ ಮೇಲಿರುವುದರಿಂದ ಅವು ಈ ಕೆಲಸಕ್ಕೆ ಆಗಿಬರುವುದಿಲ್ಲ.

ಎಲ್ಲ ಗಿಡಗಳೂ ಒಂದೇ ವೇಗದಲ್ಲಿ ಒಣಗುವುದಿಲ್ಲ. ರೋಸ್‌ಮರಿ ಮತ್ತು ಥೈಮ್ ಯಾರ ಕೈಯಲ್ಲೂ ಕೆಡುವುದು ಕಡಿಮೆ. ನಿಂಬೆಹುಲ್ಲನ್ನು ಬೆರಳುದ್ದ ಕತ್ತರಿಸಿ ಹರಡಬೇಕು. ದೊಡ್ಡಪತ್ರೆಯ ರಸಭರಿತ ದಪ್ಪ ಎಲೆಯನ್ನು ಕಟ್ಟಿ ತೂಗುಹಾಕಿದರೆ ಒಣಗುವ ಮೊದಲು ಕೊಳೆಯುವ ಸಾಧ್ಯತೆಯೇ ಹೆಚ್ಚು. ಅದನ್ನು ಸಣ್ಣದಾಗಿ ಹೆಚ್ಚಿ ಡ್ರೈಯರ್‌ನಲ್ಲೇ ಇಡಬೇಕು. ಕೊತ್ತಂಬರಿ ಸೊಪ್ಪನ್ನು ಒಣಗಿಸುವ ಗೋಜಿಗೇ ಹೋಗದಿರುವುದು ಲೇಸು, ಒಣಗಿದ ಮೇಲೆ ಅದರಲ್ಲಿ ಹೆಸರಿಗಷ್ಟೇ ಪರಿಮಳ ಉಳಿದಿರುತ್ತದೆ.

ಬಾಟಲಿಯಲ್ಲಿ ಹದಗೊಳಿಸುವುದು

ತೆಳುವಾದ ಕಾಂಡವನ್ನು ಬಗ್ಗಿಸಿದಾಗ ಅದು ಬಾಗದೆ ಚಟ್ಟನೆ ಮುರಿಯಬೇಕು. ಇದು ಕಟ್ಟುಗಳನ್ನು ಇಳಿಸಬಹುದೆಂಬುದರ ಗುರುತು. ಎಲೆಗಳನ್ನು ಪುಡಿಮಾಡದೆ, ಇಡಿಯಾಗಿಯೇ ಕಾಂಡದಿಂದ ಬಿಡಿಸಿ, ಒಣಗಿದ ಗಾಜಿನ ಬಾಟಲಿಗೆ ಮುಕ್ಕಾಲು ಭಾಗದಷ್ಟು ತುಂಬಿ ಮುಚ್ಚಳ ಬಿಗಿಯಬೇಕು. ದಪ್ಪ ಕಾಂಡಗಳನ್ನು ಬಾಟಲಿಗೆ ಹಾಕಬಾರದು.

ಮುಚ್ಚಿದ ಬಾಟಲಿಯೊಳಗೆ ನಡೆಯುವುದು ತೇವಾಂಶದ ಮರುಹಂಚಿಕೆ. ಎಲೆಯ ಅಂಚು ಪೂರ್ತಿ ಒಣಗಿದ್ದರೂ ನಡುನರ ಮತ್ತು ತೊಟ್ಟಿನಲ್ಲಿ ಉಳಿದ ನೀರು ನಿಧಾನವಾಗಿ ಹೊರಬಂದು ಎಲ್ಲ ಭಾಗಗಳಿಗೂ ಸಮನಾಗಿ ಹರಡುತ್ತದೆ. ನಿನ್ನೆ ಗರಿಗರಿ ಎನಿಸಿದ ಎಲೆ ಇಂದು ಬೆಳಗ್ಗೆ ಮೆತ್ತಗಾಗಿದ್ದರೆ ಗಾಬರಿಯಾಗಬೇಕಿಲ್ಲ. ಅಡಗಿದ್ದ ನೀರು ಬಯಲಿಗೆ ಬಂದಿದೆ. ಎಲೆಗಳನ್ನು ಮತ್ತೆ ಹರಡಿ ಒಂದು ದಿನ ಒಣಗಿಸಿ ಪುನಃ ತುಂಬಿದರಾಯಿತು. ಬಾಟಲಿಯ ಒಳಗೋಡೆಯಲ್ಲಿ ಮಂಜು ಕಟ್ಟಿದ್ದರಂತೂ ಒಂದು ಗಂಟೆಯೂ ತಡಮಾಡಬಾರದು.

ಕೈಯ ಅಂದಾಜಿಗಿಂತ ಅಳತೆಯನ್ನು ನಂಬುವುದು ಮೇಲು. ಬಾಟಲಿಯೊಳಗೆ ಇಡಬಹುದಾದ ಪುಟ್ಟ ಡಿಜಿಟಲ್ ಹೈಗ್ರೋಮೀಟರ್, ಅಂದರೆ ಗಾಳಿಯ ಆರ್ದ್ರತೆ ಅಳೆಯುವ ಮಾಪಕ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಸಾಧನ. ಆದರೆ ಇವುಗಳಲ್ಲಿ ಕೆಲವು ನಾಲ್ಕೈದು ಅಂಕಗಳಷ್ಟು ತಪ್ಪು ತೋರಿಸುವುದುಂಟು, ಹಾಗಾಗಿ ಬಳಸುವ ಮೊದಲು ಪರೀಕ್ಷಿಸಬೇಕು. ಬಾಟಲಿಯ ಮುಚ್ಚಳವೊಂದಕ್ಕೆ ಅಡುಗೆ ಉಪ್ಪು ತುಂಬಿ, ಉಪ್ಪು ಕರಗಿಹೋಗದೆ ಬರೀ ಒದ್ದೆಯಾಗುವಷ್ಟು ಹನಿ ನೀರು ಹಾಕಿ, ಅದನ್ನೂ ಹೈಗ್ರೋಮೀಟರನ್ನೂ ಗಾಳಿಯಾಡದ ಡಬ್ಬಿಯೊಂದರಲ್ಲಿ ಒಂದಕ್ಕೊಂದು ತಾಗದಂತೆ ರಾತ್ರಿಯಿಡೀ ಮುಚ್ಚಿಡಬೇಕು. 25 ಡಿಗ್ರಿಯ ಆಸುಪಾಸಿನಲ್ಲಿ ಅಂತಹ ಡಬ್ಬಿಯೊಳಗಿನ ಆರ್ದ್ರತೆ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 71 ತೋರಿಸಿದರೆ ಅದರ ಓದಿಗೆ ನಾಲ್ಕು ಕೂಡಿಸಿಕೊಳ್ಳಬೇಕು.

ಎಲೆ ತುಂಬಿದ ಬಾಟಲಿಯಲ್ಲಿ 24 ಗಂಟೆಗಳ ನಂತರ ಮಾಪಕ 65 ಮೀರಿದ್ದರೆ ಎಲೆಗಳನ್ನು ಹೊರಗೆ ಹರಡಬೇಕು. 60 ಮತ್ತು 65ರ ನಡುವೆ ಇದ್ದರೆ ಒಣಗಾಳಿಯಿರುವಲ್ಲಿ ಮುಚ್ಚಳ ತೆಗೆದು ಕೆಲವು ಗಂಟೆ ಬಿಟ್ಟರೆ ಸಾಕಾಗಬಹುದು. 60ಕ್ಕಿಂತ ಕೆಳಗೆ ಬೂಷ್ಟು ಬೆಳೆಯಲಾರದು. 55ರ ಒಳಗೆ ನಿಲ್ಲಿಸಿದರೆ ಹವಾಮಾನದ ಏರುಪೇರಿಗೂ ಸ್ವಲ್ಪ ಅವಕಾಶ ಉಳಿಯುತ್ತದೆ. ಮೊದಲ ವಾರ ದಿನಕ್ಕೊಮ್ಮೆ ಬಾಟಲಿಯನ್ನು ಮೆಲ್ಲಗೆ ಅಲುಗಿಸಿ, ಮುಚ್ಚಳ ತೆರೆದು ಮೂಸಿ ನೋಡಬೇಕು. ಎಲೆಯನ್ನು ಕತ್ತರಿಸಿದಾಗ ಏಳುವ ಹಸಿಹುಲ್ಲಿನ ವಾಸನೆ ಈ ದಿನಗಳಲ್ಲಿ ತಗ್ಗುತ್ತ ಬಂದು, ಆಯಾ ಗಿಡದ ಸ್ವಂತ ಪರಿಮಳ ತಿಳಿಯಾಗಿ ಗುರುತಿಗೆ ಸಿಗುತ್ತದೆ. ಮಾಪಕದ ಅಂಕಿ ಮೂರ್ನಾಲ್ಕು ದಿನ ಕದಲದೆ ನಿಂತರೆ ಎಲೆ ಹದಕ್ಕೆ ಬಂದಿದೆ.

ತೇವ ಹೀರಿಕೊಳ್ಳುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಈ ಹಂತವನ್ನು ಚುಟುಕಾಗಿಸಬಹುದೆಂಬುದು ನಿಜ. ಆದರೆ ನೀಲಿ ಬಣ್ಣದ ಹರಳುಗಳಲ್ಲಿ ಸಾಮಾನ್ಯವಾಗಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ತಿನ್ನುವ, ಕುಡಿಯುವ ಪದಾರ್ಥದ ಬಳಿ ಅವುಗಳನ್ನು ಇಡಬಾರದು; ಬಣ್ಣವಿಲ್ಲದ, ಆಹಾರಕ್ಕೆ ಯೋಗ್ಯವೆಂದು ನಮೂದಿಸಿರುವ ಪೊಟ್ಟಣವನ್ನೇ ಆರಿಸಬೇಕು.

ಬೂಷ್ಟು, ಹುಳ, ದಾಸ್ತಾನು

ಬಿಳಿ ಅಥವಾ ಬೂದು ಬಣ್ಣದ ನೂಲಿನೆಳೆಗಳು ಕಂಡ ಬಾಟಲಿಯನ್ನು ಪೂರ್ತಿ ಎಸೆಯಬೇಕು. ಕೆಟ್ಟ ಎಲೆಯನ್ನಷ್ಟೇ ತೆಗೆದು ಉಳಿದದ್ದನ್ನು ಬಿಸಿಲಿಗಿಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ಅಪಾಯಕಾರಿ. ಕೆಲವು ಶಿಲೀಂಧ್ರಗಳು ಬಿಡುವ ಅಫ್ಲಾಟಾಕ್ಸಿನ್‌ನಂತಹ ವಿಷಗಳು ಕುದಿಸಿದರೂ ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ಬಾಟಲಿಯ ತಳದಲ್ಲಿ ಕಂದು ಪುಡಿ ಸೇರಿದ್ದು, ಎಲೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ ಅದು ಒಣ ಪದಾರ್ಥಗಳನ್ನು ಕೊರೆಯುವ ಸಣ್ಣ ಜೀರುಂಡೆಯ ಕೆಲಸ. ಹುಳ ಬಿದ್ದ ಮೇಲೆ ಗೋಳಾಡುವ ಬದಲು, ಹದಗೊಂಡ ಬಾಟಲಿಯನ್ನು ಮುಚ್ಚಿದಂತೆಯೇ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆ, ಮರಿ ಎಲ್ಲವೂ ಸಾಯುತ್ತವೆ. ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬಾರದು. ತಣ್ಣನೆಯ ಎಲೆಗೆ ಹೊರಗಿನ ಗಾಳಿ ತಾಗಿದರೆ ಅದರಲ್ಲಿನ ನೀರಾವಿ ಎಲೆಯ ಮೇಲೆಯೇ ಹನಿಗಟ್ಟಿ, ಅಷ್ಟು ದಿನ ಒಣಗಿಸಿದ್ದು ವ್ಯರ್ಥವಾಗುತ್ತದೆ. ಬಾಟಲಿ ಕೋಣೆಯ ಉಷ್ಣತೆಗೆ ಮರಳುವವರೆಗೆ ಅರ್ಧ ದಿನವಾದರೂ ಕಾಯಬೇಕು.

ಆಮೇಲೆ ಉಳಿಯುವುದು ಹೆಸರು ಮತ್ತು ಕೊಯ್ದ ತಾರೀಕು ಬರೆದ ಚೀಟಿ ಅಂಟಿಸಿ, ಒಲೆಯಿಂದ ದೂರವಿರುವ ಕತ್ತಲ ಕಪಾಟಿನಲ್ಲಿ ಇಡುವ ಕೆಲಸ. ಎಲೆಗಳನ್ನು ಇಡಿಯಾಗಿಟ್ಟು ಬಳಸುವಾಗ ಮಾತ್ರ ಕೈಯಲ್ಲಿ ಪುಡಿಮಾಡಿದರೆ ಒಂದು ವರ್ಷದವರೆಗೂ ಪರಿಮಳ ಚೆನ್ನಾಗಿರುತ್ತದೆ. ಒಣ ಎಲೆಯ ಘಾಟು ಹೆಚ್ಚಿರುವುದರಿಂದ, ಮೂರು ಚಮಚ ಹಸಿ ಎಲೆ ಹಾಕುವಲ್ಲಿ ಒಂದು ಚಮಚ ಒಣ ಎಲೆ ಸಾಕು.