ಕನ್ವರ್ಟರ್ ಕೆಟ್ಟಿದೆಯೇ? ಮೊದಲು ಕೆಡಿಸಿದ್ದನ್ನು ಹುಡುಕಿ

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಳ್ಳುತ್ತದೆ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಚ್ಚಿದರೆ ‘ಪಿ0420’ ಎಂಬ ಕೋಡ್ ಬರುತ್ತದೆ. ಕೂಡಲೇ ಹೊಗೆಯಲ್ಲಿನ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹೊಸದಾಗಿ ಕೊಳ್ಳಲು ಹೊರಡುವವರೇ ಹೆಚ್ಚು. ಆದರೆ ಆ ಕೋಡ್ ಹೇಳುವುದು ಕನ್ವರ್ಟರಿನ ದಕ್ಷತೆ ಮಿತಿಗಿಂತ ಕೆಳಗಿಳಿದಂತೆ ಕಾಣುತ್ತಿದೆ ಎಂದಷ್ಟೇ. ಏಕೆ ಎಂದು ಪತ್ತೆ ಮಾಡುವ ಕೆಲಸ ನಮ್ಮದು. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ. ಬಹುತೇಕ ಎಂಜಿನ್ನೇ ಅದನ್ನು ಕೊಂದಿರುತ್ತದೆ.

ಅದರ ಉಕ್ಕಿನ ಕವಚದೊಳಗೆ ಜೇನುಹಟ್ಟಿನಂಥ ಸಣ್ಣ ಸಣ್ಣ ರಂಧ್ರಗಳ ಪಿಂಗಾಣಿ ಇಟ್ಟಿಗೆ ಇರುತ್ತದೆ. ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುವಾದ ಲೇಪನ. ಪೆಟ್ರೋಲ್ ಕಾರಿನಲ್ಲಿ ಇದು ಕಾರ್ಬನ್ ಮೊನಾಕ್ಸೈಡನ್ನೂ ಸುಡದೆ ಉಳಿದ ಇಂಧನವನ್ನೂ ಉರಿಸಿ ಮುಗಿಸುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಮೇಲೆಯೇ ಇದು ಕೆಲಸಕ್ಕಿಳಿಯುವುದು. ಆದ್ದರಿಂದ ಮುಂದೆ ಹೇಳುವ ಅಳತೆಗಳನ್ನೆಲ್ಲ ಎಂಜಿನ್ ಚೆನ್ನಾಗಿ ಕಾದ ನಂತರವೇ ತೆಗೆದುಕೊಳ್ಳಬೇಕು.

ಪರೀಕ್ಷೆ ಎಲ್ಲಿಂದ ಆರಂಭ?

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಹೊಗೆ ಕೊಳವೆಯ ಸೇರುವೆಗಳ ಬಳಿ ಕಿವಿಗೊಡಿ. ‘ಟಪ್ ಟಪ್’ ಸದ್ದು ಕೇಳಿದರೆ ಅಥವಾ ಸೇರುವೆಯ ಸುತ್ತ ಕಪ್ಪು ಮಸಿ ಕಂಡರೆ ಅಲ್ಲಿ ಸೋರಿಕೆ ಇದೆ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನ ಹತ್ತಿರ ಸೋರಿಕೆಯಿದ್ದರೆ ಹೊರಗಿನ ಗಾಳಿ ಒಳಸೇರಿ ಅದು ತಪ್ಪು ಲೆಕ್ಕ ಕೊಡುತ್ತದೆ. ಸೇರುವೆಯ ನಡುವೆ ಕೂರುವ ಒಂದು ಗ್ಯಾಸ್ಕೆಟ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ದುಬಾರಿ ಕನ್ವರ್ಟರನ್ನೇ ಬದಲಿಸಿದವರು ಕಡಿಮೆಯಿಲ್ಲ.

ಸೋರಿಕೆ ಇಲ್ಲವೆಂದಾದರೆ ಸ್ಕ್ಯಾನರಿನಲ್ಲಿ ಕನ್ವರ್ಟರಿನ ಮುಂದೊಂದು ಹಿಂದೊಂದು ಇರುವ ಎರಡೂ ಆಕ್ಸಿಜನ್ ಸೆನ್ಸರುಗಳ ವೋಲ್ಟೇಜನ್ನು ಒಟ್ಟಿಗೆ ನೋಡಿ. ಎಂಜಿನ್ ವೇಗ ಸುಮಾರು 2,500 ಆರ್‌ಪಿಎಂನಲ್ಲಿರಲಿ. ಕನ್ವರ್ಟರಿಗಿಂತ ಮುಂಚಿನ ಸೆನ್ಸರ್ ಹಳೆಯ ಮಾದರಿಯದಾದರೆ 0.1ರಿಂದ 0.9 ವೋಲ್ಟ್‌ಗಳ ನಡುವೆ ಚಕಚಕನೆ ಏರಿಳಿಯುತ್ತದೆ. ಕನ್ವರ್ಟರ್ ದಾಟಿದ ಮೇಲಿರುವ ಹಿಂದಿನ ಸೆನ್ಸರ್ 0.6, 0.7ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ನಿಶ್ಚಲವಾಗಿರಬೇಕು. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿಯತೊಡಗಿದರೆ ಕನ್ವರ್ಟರ್ ಕೈಕಟ್ಟಿ ಕೂತಿದೆ ಎಂದೇ ಅರ್ಥ. ಹೊಸ ಕಾರುಗಳ ಮುಂದಿನ ಸೆನ್ಸರ್ ಬೇರೆ ಬಗೆಯದಾಗಿರಬಹುದು, ಅದರಲ್ಲಿ ಈ ಏರಿಳಿತ ಕಾಣದು. ಆಗ ಹಿಂದಿನದರ ನಡವಳಿಕೆಯನ್ನೇ ಗಮನಿಸಿ.

ಕಾರು ಪಿಕಪ್ ಕಳೆದುಕೊಂಡಿದ್ದರೆ, ಏರಿನಲ್ಲಿ ಉಸಿರುಗಟ್ಟಿದಂತೆ ಆಡಿದರೆ, ಇಟ್ಟಿಗೆ ಕರಗಿಯೋ ಮುರಿದೋ ದಾರಿ ಕಟ್ಟಿರುವ ಸಾಧ್ಯತೆ ಇದೆ. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಕವಚವನ್ನು ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಸದ್ದಾದರೆ ಪಿಂಗಾಣಿ ಒಡೆದಿದೆ. ಸದ್ದಿಲ್ಲವೆಂದರೆ ಗಟ್ಟಿಯಾಗಿದೆ ಎಂದಲ್ಲ, ಕರಗಿದ ಇಟ್ಟಿಗೆ ಸದ್ದು ಮಾಡುವುದಿಲ್ಲ. ಖಚಿತಪಡಿಸಿಕೊಳ್ಳಲು ಮುಂದಿನ ಸೆನ್ಸರನ್ನು ಬಿಚ್ಚಿ ಅದೇ ರಂಧ್ರಕ್ಕೆ ಒತ್ತಡ ಮಾಪಕ ಜೋಡಿಸಿ. ಐಡಲ್‌ನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಒಳಗೆ, 2,500 ಆರ್‌ಪಿಎಂನಲ್ಲಿ ಮೂರರ ಒಳಗೆ ಇದ್ದರೆ ದಾರಿ ತೆರೆದಿದೆ. ಅದಕ್ಕಿಂತ ಮೇಲೆ ಹೋದರೆ ಎಲ್ಲೋ ಕಟ್ಟಿದೆ.

ಕೊಂದವರಾರು?

ನನ್ನ ಅಭಿಪ್ರಾಯದಲ್ಲಿ ಇದೇ ಮುಖ್ಯ ಕೆಲಸ, ಎಲ್ಲರೂ ಹಾರಿಸಿಬಿಡುವುದೂ ಇದನ್ನೇ. ಒಂದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದೆ ಮಿಸ್‌ಫೈರ್ ಆಗುತ್ತಿದ್ದರೆ ಸುಡದ ಪೆಟ್ರೋಲ್ ನೇರವಾಗಿ ಕನ್ವರ್ಟರಿಗೆ ಹೋಗಿ ಅಲ್ಲೇ ಉರಿಯುತ್ತದೆ, ಇಟ್ಟಿಗೆ ಕರಗುತ್ತದೆ. ಎಂಜಿನ್ ದೀಪ ಮಿನುಗತೊಡಗಿದರೆ ಕಾರು ನಿಮ್ಮನ್ನು ಬೇಡಿಕೊಳ್ಳುತ್ತಿರುವುದು ಇದಕ್ಕೇ: ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಿ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಸೋರುವ ಇಂಜೆಕ್ಟರ್ ಇವುಗಳನ್ನು ಮೊದಲು ನೋಡಿ. ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಆಯಿಲಿನ ಬೂದಿ ಲೇಪನದ ಮೇಲೆ ಕೂತು ಅದನ್ನು ಮುಚ್ಚಿಹಾಕುತ್ತದೆ. ಕೂಲೆಂಟ್ ಒಳಗೆ ಸೇರಿದರೂ ಇದೇ ಗತಿ. ಕಾರಣ ಹಾಗೇ ಉಳಿದರೆ ಹೊಸ ಕನ್ವರ್ಟರೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಬಿಚ್ಚಿ ಜೋಡಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ನಿಲ್ಲಿಸಿದ ಮೇಲೂ ಕನ್ವರ್ಟರ್ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ಎತ್ತಿ ಜಾಕ್ ಸ್ಟ್ಯಾಂಡುಗಳ ಮೇಲೆ ಕೂರಿಸಿ, ನೆಲದಲ್ಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಬರೀ ಜಾಕ್ ಮೇಲಿರುವ ಕಾರಿನಡಿ ಮಲಗಬೇಡಿ.

ನಿಮ್ಮ ಕನ್ವರ್ಟರ್ ಬೋಲ್ಟ್ ಹಾಕಿದ್ದೋ ಬೆಸುಗೆ ಹಾಕಿದ್ದೋ ನೋಡಿ. ಬೆಸುಗೆಯದಾದರೆ, ಅಥವಾ ಎಂಜಿನ್ನಿಗೆ ಅಂಟಿಕೊಂಡ ಮ್ಯಾನಿಫೋಲ್ಡಿನೊಳಗೇ ಸೇರಿದ್ದಾದರೆ ಕೆಲಸವನ್ನು ವರ್ಕ್‌ಶಾಪಿಗೆ ಬಿಡುವುದೇ ಲೇಸು. ಬೋಲ್ಟಿನದಾದರೆ ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ತುಕ್ಕು ಹಿಡಿದ ನಟ್ಟು ಬಲಪ್ರಯೋಗಕ್ಕೆ ಬಗ್ಗುವುದಿಲ್ಲ, ಸ್ಟಡ್ಡು ಮುರಿಯುತ್ತದೆ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಎಂದು ಹಿಂದೆಮುಂದೆ ತಿರುಗಿಸುತ್ತ ತೆಗೆಯಿರಿ. ಮುಖಕ್ಕೆ ತುಕ್ಕು ಉದುರುವುದರಿಂದ ಕನ್ನಡಕ ಕಡ್ಡಾಯ.

ಸೆನ್ಸರಿನ ವೈರನ್ನು ಮೊದಲು ಬಿಡಿಸಿ, ನಂತರ ವೈರ್ ಹಾಯಲು ಪಕ್ಕದಲ್ಲಿ ಸೀಳು ಬಿಟ್ಟಿರುವ ಸೆನ್ಸರ್ ಸಾಕೆಟ್ ಬಳಸಿ ಸೆನ್ಸರನ್ನು ಬಿಚ್ಚಿ. ಹೆಚ್ಚಿನ ಸೆನ್ಸರುಗಳಿಗೆ 22 ಮಿಲಿಮೀಟರ್ ಸಾಕೆಟ್ ಬೇಕು. ಆಮೇಲೆ ಕೊಳವೆಗಳು ಸೇರುವ ಅಂಚಿನ (ಫ್ಲಾಂಜ್) ನಟ್ಟುಗಳನ್ನು ತೆಗೆದು, ಭಾರವನ್ನು ಕೈಯಲ್ಲಿ ತಾಳಿ, ಕನ್ವರ್ಟರನ್ನು ರಬ್ಬರ್ ತೂಗುಗಳಿಂದ ಜಾರಿಸಿ ಇಳಿಸಿ.

ಹೊಸದು ನಿಮ್ಮ ಎಂಜಿನ್ನಿಗೆ ಹೊಂದುವುದೇ, ನಿಮ್ಮಲ್ಲಿನ ಮಾಲಿನ್ಯ ನಿಯಮಕ್ಕೆ ಒಪ್ಪುವುದೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ. ಕವಚದ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ಕಡೆಯಿಂದ ಸೈಲೆನ್ಸರ್ ಕಡೆಗೆ ತೋರಬೇಕು. ಗ್ಯಾಸ್ಕೆಟ್ ಹೊಸದೇ ಇರಲಿ. ಎಲ್ಲ ನಟ್ಟುಗಳನ್ನು ಕೈಯಿಂದ ಹತ್ತಿಸಿ, ಕೊಳವೆ ನೇರ ಕೂತಿದೆಯೇ ಎಂದು ನೋಡಿ, ಆಮೇಲೆ ಸರದಿಯಲ್ಲಿ ಬಿಗಿ ಮಾಡಿ. ಸೆನ್ಸರಿನ ತಿರುಪಿನ ಸುತ್ತುಗಳಿಗೆ, ಅದು ಕಚ್ಚಿಕೊಳ್ಳದಂತೆ ತಡೆಯುವ, ಸೆನ್ಸರಿಗೆಂದೇ ಇರುವ ಆ್ಯಂಟಿ-ಸೀಜ್ ಪೇಸ್ಟನ್ನು ತೆಳುವಾಗಿ ಹಚ್ಚಿ. ಆದರೆ ತುದಿಗೆ ತಾಗದಿರಲಿ. ಹೊಸ ಸೆನ್ಸರಾದರೆ ಪೇಸ್ಟ್ ಕೆಲವೊಮ್ಮೆ ಮೊದಲೇ ಹಚ್ಚಿ ಬಂದಿರುತ್ತದೆ. ಸಿಲಿಕೋನ್ ಸೀಲೆಂಟ್ ಎಲ್ಲಿಯೂ ಬೇಡ, ಅದರ ಆವಿ ಸೆನ್ಸರನ್ನು ಕೆಡಿಸುತ್ತದೆ.

ಸ್ಟಾರ್ಟ್ ಮಾಡುವುದು ಗಾಳಿಯಾಡುವ ಜಾಗದಲ್ಲಿ ಮಾತ್ರ. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆ ಕೊಡದೆ ಕೊಲ್ಲುತ್ತದೆ. ಆರಂಭದಲ್ಲಿ ಸ್ವಲ್ಪ ಹೊಗೆ ಕಂಡರೆ ಗಾಬರಿ ಬೇಡ, ಹೊಸ ಕವಚದ ಎಣ್ಣೆ ಉರಿಯುತ್ತಿರುತ್ತದೆ. ಸೇರುವೆಗಳಲ್ಲಿ ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಕೋಡನ್ನು ಅಳಿಸಿ. ಕಂಪ್ಯೂಟರ್ ಕನ್ವರ್ಟರನ್ನು ಮತ್ತೆ ಪರೀಕ್ಷಿಸಲು ಹಲವು ಬಗೆಯ ಓಡಾಟ ಬೇಕು, ಕೆಲವು ದಿನಗಳೂ ಹಿಡಿಯಬಹುದು. ಅಲ್ಲಿಯವರೆಗೆ ದೀಪ ಆರಿದೆ ಎಂದು ಗೆದ್ದೆವೆಂದುಕೊಳ್ಳಬೇಡಿ. ಹಳೆಯ ಕನ್ವರ್ಟರನ್ನು ಕಸಕ್ಕೆ ಹಾಕಬೇಡಿ, ಅದರಲ್ಲಿರುವ ಲೋಹಕ್ಕೆ ಬೆಲೆಯಿದೆ, ಮರುಬಳಕೆ ಮಾಡುವವರು ಹಣ ಕೊಟ್ಟೇ ಕೊಳ್ಳುತ್ತಾರೆ.